ಅರ್ಧಕ್ಕೆ ನಿಂತ ಮಳೆಯ ನಮಾಜು

ಶಾಸ್ತ್ರ ಬಲ್ಲವರು ಹೇಳಬೇಕಾದ ಕತೆಯಿದು. ಅರೆಬರೆ ಓದಿದ ನಾನು ಹೇಳುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ರಾಜಾಬಿ ಹುಟ್ಟಿದಾಗಿನಿಂದ ಆ ಊರಿಗೆ ಮಳೆ ಬಂದಿರಲಿಲ್ಲ. ಟ್ಯಾಂಕರಿನ ನೀರು ಕುಡಿಯಲಷ್ಟೇ ಆಗುತ್ತಿತ್ತು. ನಮಾಜಿಗೆ ಮುಂಚೆ ಎಲ್ಲರೂ ಒಣಮಣ್ಣು ಮುಟ್ಟಿ ಮುಖ, ಕೈ ಸವರಿಕೊಳ್ಳುತ್ತಿದ್ದರು. ನೀರಿಲ್ಲದವರಿಗೆ ಧರ್ಮವೇ ಕೊಟ್ಟ ಅನುಕೂಲ ಅದು. ಈಗ ಟ್ಯಾಂಕರೂ ನಿಂತಿತ್ತು. ನಾಳೆ ಎಲ್ಲರೂ ಊರು ಬಿಡಬೇಕು. ಹುಟ್ಟಿದ ನೆಲ ಬಿಡಲಾರದೆ ರಾಜಾಬಿ ಕೊನೆಯ ಸಲ ಅಂಗಳದಲ್ಲಿ ಮಳೆ ಬೇಡುವ ನಮಾಜಿಗೆ ನಿಂತಳು.

ನಡುವೆಯೇ ಮೂಗಿನ ಮೇಲೊಂದು ಹನಿ ಬಿತ್ತು. ಆಮೇಲೆ ಸುರಿದೇಬಿಟ್ಟಿತು.

ಕಟ್ಟೆಯ ಮೇಲೆ ಗಂಟು ಕಟ್ಟುತ್ತಿದ್ದ ಗಂಡ ಖಾಜೇಸಾಬ ಕೂಗಿದ: “ನಮಾಜು ಮುರೀತು, ಬಿಡು! ನೀರು ಬಂದ ಮ್ಯಾಲ ಮಣ್ಣಿನ ಶುದ್ಧಿ ನಡೆಯೂದಿಲ್ಲ.”

ಅವಳು ಕದಲಲಿಲ್ಲ. ಕೊನೆಗೆ ತಡೆಯಲಾರದೆ, “ನಡುವ ಬಿಟ್ಟು ಮಳಿ ನಿಂತ್ರ?” ಎಂದಳು.

“ನಮಾಜಿನಾಗ ಮಾತಾಡಿದಿ ನೋಡು. ಈಗಂತೂ ಪೂರಾ ಮುರೀತು,” ಎಂದು ಅವನು ನಕ್ಕ.

ಮಳೆ ನಿಲ್ಲಲಿಲ್ಲ. ಅವಳಿಗಿಂತ ಹಿರಿಯನಾದ, ಎಳವೆಯಲ್ಲಿ ಮಳೆ ಕಂಡಿದ್ದ ಅವನು ಅವಳ ಕೈಯನ್ನು ಸೂರಿನ ನೀರಿಗೆ ಹಿಡಿದು, ನಮಾಜಿಗೆ ಮುಂಚೆ ಬೆರಳ ಸಂದು ತೊಳೆಯುವುದನ್ನು ಮಗುವಿಗೆ ಕಲಿಸುವಂತೆ ಕಲಿಸಿದ.

“ಚೆಲ್ಲಬ್ಯಾಡ, ಪಾಪ ಬರ್ತೈತಿ.”

“ಮುಗಿಲೇ ಚೆಲ್ಲಾಕತ್ತೈತಿ, ನನಗ್ಯಾಕ ಬೈತಿ?”

ಮತ್ತೆ ನಮಾಜಿಗೆ ನಿಂತಾಗ ಏನು ಬೇಡಬೇಕೆಂದು ಅವಳಿಗೆ ತೋಚಲಿಲ್ಲ. ಬೇಡಿದ್ದೆಲ್ಲ ಆಗಲೇ ಮೈಮೇಲೆ ಸುರಿಯುತ್ತಿತ್ತು. ಆ ಮಳೆ ಊರನ್ನು ಉಳಿಸಿತೋ, ಹೊರಡುವುದನ್ನು ಒಂದು ದಿನ ತಡಮಾಡಿತೋ, ನನಗೆ ಗೊತ್ತಿಲ್ಲ.