ದುರುಗಮ್ಮನ ಅಪ್ಪ ಹೊತ್ತ ಭಾರ

ನಮ್ಮಲ್ಲಿ ಎಷ್ಟು ಜನಕ್ಕೆ ಈ ವಿಷಯ ಗೊತ್ತು?

2009ರಲ್ಲಿ ಇಡೀ ಜಗತ್ತಿನ ಪೋಲಿಯೊ ಪ್ರಕರಣಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನಮ್ಮ ದೇಶದಲ್ಲೇ ಇದ್ದವು. ಈ ರೋಗ ಎಲ್ಲಕ್ಕಿಂತ ಕೊನೆಗೆ ಬಿಟ್ಟುಹೋಗುವುದು ಭಾರತವನ್ನೇ ಎಂದು ದೊಡ್ಡ ದೊಡ್ಡ ತಜ್ಞರೇ ಅಂದುಕೊಂಡಿದ್ದರು.

ಆದರೆ 2014ರ ಮಾರ್ಚ್‌ನಲ್ಲಿ... ಭಾರತ ಪೋಲಿಯೊ ಮುಕ್ತ ಎಂದು ಘೋಷಣೆಯಾಯಿತು!

ಅದಕ್ಕಾಗಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಐಸ್ ತುಂಬಿದ ಲಸಿಕೆ ಡಬ್ಬಿ ಹಿಡಿದು ಮನೆ ಮನೆ ತಿರುಗಿದರು. ಅಂಥ ಒಬ್ಬಳ ಕಥೆ ಇದು...

ಗಂಗಾವತಿ ಕಡೆಯ ಒಂದು ಹಳ್ಳಿ. ದುರುಗಮ್ಮ ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ.

ಕೂಸಿದ್ದಾಗಲೇ ಪೋಲಿಯೊ ಬಂದು ಅವಳ ಎಡಗಾಲು ಸೊರಗಿತ್ತು. ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದೇ ಹೆಜ್ಜೆ ಹಾಕಬೇಕು.

ತಾಯಿ ಬೇಗ ತೀರಿಕೊಂಡಿದ್ದಳು. ಸಾಕಿದವನು ಅಪ್ಪ ಹುಲಿಗೆಪ್ಪ. ಮಳೆ ಇರಲಿ, ಬಿಸಿಲಿರಲಿ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಶಾಲೆಗೆ ಮುಟ್ಟಿಸುತ್ತಿದ್ದ. ಅವಳು ದೊಡ್ಡವಳಾದ ಮೇಲೆ ಸೈಕಲ್ ಕೊಂಡ.

"ಇಂಥ ಅಪ್ಪ ಯಾರಿಗೂ ಸಿಗಂಗಿಲ್ಲ ನೋಡ್ರಿ..." ಎಂದು ದುರುಗಮ್ಮ ಎಲ್ಲರ ಮುಂದೆ ಹೇಳುತ್ತಿದ್ದಳು.

2014ರ ಫೆಬ್ರುವರಿ. ದೇಶದಲ್ಲಿ ಮೂರು ವರ್ಷದಿಂದ ಒಂದು ಮಗುವಿಗೂ ಪೋಲಿಯೊ ಬಂದಿರಲಿಲ್ಲ. ಆದರೂ ಹನಿ ಹಾಕುವುದನ್ನು ನಿಲ್ಲಿಸುವಂತಿರಲಿಲ್ಲ.

ಊರ ಹೊರಗಿನ ಇಟ್ಟಿಗೆ ಭಟ್ಟಿಯಲ್ಲಿ ಒಂದು ಗುಡಿಸಲು. ಅಲ್ಲಿಗೆ ದುಡಿಯಲು ಬಂದಿದ್ದ ಭೀಮರಾಯ ತನ್ನ ಕೂಸಿಗೆ ಹನಿ ಹಾಕಿಸಲು ಒಪ್ಪಿರಲಿಲ್ಲ. ಅವನ ಬಾಗಿಲ ಮೇಲೆ ಸೀಮೆಸುಣ್ಣದ ಇಂಟು ಮಾರ್ಕ್ ಬಿದ್ದಿತ್ತು... ಈ ಮನೆಯ ಮಗು ಉಳಿದಿದೆ ಎಂದು.

ಮರುದಿನ ದುರುಗಮ್ಮ ಮತ್ತೆ ಹೋದಳು. ಅಪ್ಪನೇ ಸೈಕಲ್ ಮೇಲೆ ಕರೆತಂದಿದ್ದ. ಅವನಿಗೂ ವಯಸ್ಸಾಗಿ ದಮ್ಮು ಹತ್ತಿತ್ತು.

"ಅಣ್ಣಾ, ಎರಡ ಹನಿ... ಕೂಸಿಗೆ ಏನೂ ಆಗಂಗಿಲ್ಲ."

ಭೀಮರಾಯ ರೇಗಿದ. "ನಿನಗೆಷ್ಟ ಸಲ ಹೇಳಬೇಕಬೇ? ನೀನ ಕುಂಟಿ... ಮಂದಿ ಮಕ್ಕಳ ಕಾಲು ಉಳಸಾಕ ಬಂದಿಯೇನು? ಹಣ್ಯಾಗ ಬರದದ್ದು ತಪ್ಪತೈತೇನು?"

ದುರುಗಮ್ಮನಿಗೆ ಇಂಥ ಮಾತು ಹೊಸದಲ್ಲ.

ಆದರೆ ಹುಲಿಗೆಪ್ಪ ಸೈಕಲ್ ಬಿಟ್ಟು ಮುಂದೆ ಬಂದ. ಸೈಕಲ್ ದೊಪ್ಪನೆ ಬಿತ್ತು.

"ತಮ್ಮಾ... ಆಕಿ ಹಣ್ಯಾಗ ಯಾರೂ ಬರದಿಲ್ಲ. ಆಕಿ ಕಾಲು ಕಳದಾಂವ ನಾನು."

ದುರುಗಮ್ಮ ತಿರುಗಿ ನೋಡಿದಳು.

"ಈಕಿ ಕೂಸಿದ್ದಾಗ ಬಾಜೂ ಊರಿಗೆ ನರ್ಸಮ್ಮ ಬಂದಿದ್ದಳು, ಹನಿ ಹಾಕಾಕ. ನನ್ನ ಹೇಣ್ತಿ ಕೂಸಿನ ಎತ್ತಿಕೊಂಡು ಹೊಸ್ತಿಲದಾಗ ನಿಂತಿದ್ದಳು, ಗಾಡಿ ಕಟ್ಟು ಅಂತ. ಬಿತ್ತಿಗಿ ದಿನ ಇತ್ತು... ಬೈದು ಒಳಗ ಕಳಿಸಿದೆ. ಮಳಿಗಾಲ ಮುಗಿಯೂದ್ರಾಗ ಜ್ವರ ಬಂತು. ಕಾಲು ಬಿದ್ದುಹೋತು."

ಅವನಿಗೆ ಉಸಿರು ಸಾಲದಾಯಿತು.

"ದ್ಯಾವರ ಸಿಟ್ಟು ಅಂತ ಊರಿಗೆಲ್ಲಾ ಹೇಳಿದೆ. ಮಗಳಿಗೂ ಅದನ್ನ ಹೇಳಿದೆ. ನಿನ್ನ ಕಾಲಿಗೆ ಬೀಳ್ತೀನಿ ತಮ್ಮಾ... ನನ್ನಂಗ ಆಗಬ್ಯಾಡ."

ಭೀಮರಾಯ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದ.

ದುರುಗಮ್ಮ ಹನಿ ಹಾಕಿದಳು. ಕೂಸಿನ ಕಿರುಬೆರಳಿಗೆ ಶಾಯಿ ಹಚ್ಚಿದಳು.

ಆಮೇಲೆ... ಸೈಕಲ್ ಹತ್ತಲಿಲ್ಲ. ಮೊಣಕಾಲು ಒತ್ತಿ ಹಿಡಿದು, ಅಷ್ಟು ದೂರ ಒಬ್ಬಳೇ ನಡೆದು ಮನೆಗೆ ಬಂದಳು.

ಅವತ್ತಿನಿಂದ ಮನೆಯಲ್ಲಿ ಮಾತಿಲ್ಲ. ರೊಟ್ಟಿ ಬಡಿದು ತಟ್ಟೆಗೆ ಹಾಕಿ ಮುಂದಿಡುತ್ತಿದ್ದಳು, ಅಷ್ಟೇ. ಹುಲಿಗೆಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ.

ಅವಳನ್ನು ಸುಟ್ಟದ್ದು ಕಾಲು ಹೋದ ದುಃಖವಲ್ಲ... ಅಪ್ಪ ತನ್ನನ್ನು ಹೆಗಲ ಮೇಲೆ ಹೊತ್ತದ್ದು ಪ್ರೀತಿಯಿಂದಲೋ, ಮಾಡಿದ ತಪ್ಪಿಗೋ ಎಂಬ ಪ್ರಶ್ನೆ.

ಮಾರ್ಚ್‌ನಲ್ಲಿ ಹುಲಿಗೆಪ್ಪನ ದಮ್ಮು ಹೆಚ್ಚಾಯಿತು. ಹಾಸಿಗೆ ಹಿಡಿದ. ದುರುಗಮ್ಮ ಅವನ ಎದೆಗೆ ಎಣ್ಣೆ ತಿಕ್ಕುತ್ತಾ ಕುಳಿತಿದ್ದಳು. ಕೊನೆಗೂ ಬಾಯಿಬಿಟ್ಟಳು.

"ಯಪ್ಪಾ... ನನ್ನ ಹೊತ್ಕೊಂಡು ಸಾಲಿಗೆ ಒಯ್ತಿದ್ದಿಯಲ್ಲ... ತಪ್ಪು ಮಾಡೀನಿ ಅಂತ ಹೊತ್ತಿಯೇನು? ಮಗಳು ಅಂತ ಹೊತ್ತಿಯೇನು?"

ಹುಲಿಗೆಪ್ಪ ಸುಳ್ಳು ಹೇಳಲಿಲ್ಲ.

"ಮೊದಮೊದಲು ತಪ್ಪಿಗೇ ಹೊತ್ತೆನವ್ವಾ... ನೀ ಹೆಗಲ ಮ್ಯಾಲ ಕುಂತು ಮಗ್ಗಿ ಹೇಳ್ತಿದ್ದಿ. ನನ್ನ ಕೂದಲಾ ಹಿಡಕೊಂಡು ನಗ್ತಿದ್ದಿ. ಆಮ್ಯಾಲ... ನೀ ಇಲ್ದ ಒಬ್ಬನ ನಡಿಯಾಕ ಮನಸ ಬರಲಿಲ್ಲ."

ದುರುಗಮ್ಮ ಅಪ್ಪನ ಎದೆಯ ಮೇಲೆ ಹಣೆಯಿಟ್ಟು ಬಿಕ್ಕಿದಳು. "ಸಿಟ್ಟಿಲ್ಲ ಯಪ್ಪಾ... ನನಗ ಸಿಟ್ಟಿಲ್ಲ..."

ಎರಡು ಮೂರು ದಿನ ಕಳೆದಿರಬೇಕು. ಟಿವಿಯಲ್ಲಿ ಸುದ್ದಿ ಬಂತು. ಅಂಗನವಾಡಿ ಮೇಲ್ವಿಚಾರಕಿ ಮೇಡಂ ಫೋನ್ ಮಾಡಿ ಕೂಗಿದರು, "ದುರುಗಮ್ಮಾ, ನಾವು ಗೆದ್ವಿ!"

ಅವಳು ಅಪ್ಪನ ಕಿವಿಯ ಹತ್ತಿರ ಬಾಗಿ ಹೇಳಿದಳು. "ಯಪ್ಪಾ, ಪೋಲಿಯೊ ನಮ್ಮ ದೇಶ ಬಿಟ್ಟು ಹೋತಂತ. ಇನ್ನ ಯಾವ ಕೂಸಿಗೂ ಬರಂಗಿಲ್ಲಂತ."

ಹುಲಿಗೆಪ್ಪನ ಕಣ್ಣ ತುದಿಯಿಂದ ನೀರು ಇಳಿದು ದಿಂಬು ತೊಯ್ದಿತು.

"ಹಂಗಾದ್ರ... ಇನ್ನ ಯಾವ ಅಪ್ಪಗೂ ನನ್ನ ಗತಿ ಬರಂಗಿಲ್ಲಲ್ಲವ್ವಾ..."

ಯುಗಾದಿಗೆ ಮುಂಚೆಯೇ ಅವನು ಹೋಗಿಬಿಟ್ಟ. ಹೆಣ ಎತ್ತುವಾಗ ಭಟ್ಟಿಯ ಭೀಮರಾಯ ಬಂದು ಹೆಗಲು ಕೊಟ್ಟ.

ದುರುಗಮ್ಮ ಹಿಂದೆ ಹಿಂದೆ ನಡೆದಳು... ಯಾರಾದರೂ ಕೈ ಹಿಡಿಯಲು ಬಂದರೆ ಬೇಡ ಎನ್ನುತ್ತಾ.

ದೇಶದ ಗೆಲುವು ಪೇಪರಿನಲ್ಲಿ ಒಂದು ದಿನ ಬರುತ್ತದೆ... ಅದರ ಹಿಂದಿನ ಕಣ್ಣೀರು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಇಂಗಿರುತ್ತದೆ.

ನಿಮ್ಮ ಮನೆಯಲ್ಲೂ ಒಂದು ತಪ್ಪನ್ನು ಎದೆಯಲ್ಲಿಟ್ಟುಕೊಂಡು, ಬಾಯಿಬಿಡಲಾರದೆ, ನಿಮಗಾಗಿ ಸವೆಯುತ್ತಿರುವ ಜೀವ ಇರಬಹುದೇ? ಅವರ ಪಕ್ಕ ಕುಳಿತು ಮಾತಾಡಿ ಎಷ್ಟು ದಿನವಾಯಿತು...?