ಕಪ್ಪು-ಬಿಳಿ ಬಟ್ಟೆಯ ವಿಭಾಗ

ಗುಂಡಿ ಒತ್ತಿದ ಮರುಗಳಿಗೆಯೇ ಅಡೋಮಾಳಿಗೆ ತನ್ನ ತಪ್ಪು ಹೊಳೆಯಿತು. ಕುಮಾಸಿ ನಗರದಲ್ಲಿ ಅಕ್ಕತಂಗಿಯರು ನಡೆಸುತ್ತಿದ್ದ ಆನ್‌ಲೈನ್ ಬಟ್ಟೆ ಅಂಗಡಿಯ ವಿಭಾಗಗಳನ್ನು ಮರುಜೋಡಿಸುತ್ತ, ಬಿಳಿಯ ಮೇಲೆ ಕಪ್ಪು ಚಿತ್ತಾರದ ಬಟ್ಟೆಯನ್ನು ಅವಳು ‘ನಾಮಕರಣ’ದಿಂದ ‘ಹಿರಿಯರ ಅಂತ್ಯಕ್ರಿಯೆ’ಗೆ ಸರಿಸಿದ್ದಳು. ಎರಡು ಸಂದರ್ಭಕ್ಕೂ ಜನ ಉಡುತ್ತಿದ್ದುದು ಅದನ್ನೇ. ಆದರೆ ಅದನ್ನು ಮೆಚ್ಚಿ ಗುರುತಿಟ್ಟವರಿಗೆಲ್ಲ ಹೊಸ ವಿಭಾಗದ ಸುದ್ದಿ ತಾನಾಗಿಯೇ ಹೋಗಿತ್ತು. ಮೊಮ್ಮಗುವಿನ ನಾಮಕರಣಕ್ಕೆಂದು ಗುರುತಿಟ್ಟಿದ್ದ ಸೆರ್ವಾ ಅಜ್ಜಿಗೂ ಹೋಗಿತ್ತು. ಅವರ ಮಗಳು ಬೆಳಗಿನಿಂದ ಹೆರಿಗೆ ಕೋಣೆಯಲ್ಲಿದ್ದಳು.

“ಕಣ್ಣು ಬಾಡಿಗೆಗೆ ಕೊಟ್ಟಿದ್ಯೇನೇ?” ಎಂದು ಅಕ್ಕ ಫ್ರೆಮಾ ಮೌಸ್‌ಗೆ ಕೈಹಾಕಿದಳು. “ಹೆರೋ ಹೆಂಗಸಿನ ಮನೆಗೆ ಸಾವಿನ ಬಟ್ಟೆ ತೋರಿಸ್ತಾರಾ? ಸರಿ ಅತ್ಲಾಗೆ, ವಾಪಸ್ ಹಾಕ್ತೀನಿ!”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸೆರ್ವಾ ಅಜ್ಜಿಯೇ. ಅಡೋಮಾ ಫೋನು ಎತ್ತಿದಳು.

“ಅಜ್ಜೀ, ತಪ್ಪಾಯ್ತು, ಈಗ್ಲೇ ತೆಗೀತೀವಿ...”

“ತೆಗೀಬೇಡ ಕಣಮ್ಮ,” ಎಂದಿತು ನಡುಗುವ ದನಿ. “ಅದು ಎಳೆಯರು ಸತ್ತಾಗ ಉಡೋ ಬಟ್ಟೆ ಅಲ್ಲ, ಮುದುಕರು ಸತ್ತಾಗ ಉಡೋದು. ಈ ಮನೇಲಿ ಮುದುಕಿ ಅಂದ್ರೆ ನಾನೊಬ್ಳೇ. ಬರೋದಿದ್ರೆ ನನಗೇ ಬರ್ಲಿ. ಮಗಳು ಹೆರೋವರ್ಗೂ ಅದನ್ನ ಅಲ್ಲಿಂದ ಕದಲಿಸ್ಬೇಡಿ.”

ಅಡೋಮಾ ಅಕ್ಕನ ಕೈಯನ್ನು ಮೌಸಿನ ಮೇಲಿಂದ ಮೆಲ್ಲನೆ ಎತ್ತಿ, ತನ್ನ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು.