ಕೆಂಪಾದ ಹರಳು

ಸ್ಟೀಲಿನ ಕೊಳವೆಯ ಮುಚ್ಚಳ ತೆಗೆದ ಶಿವರಂಜನಿಯ ಕೈ ಅಲ್ಲೇ ನಿಂತಿತು. ನಿನ್ನೆವರೆಗೆ ಸಾಬಕ್ಕಿಯಂತೆ ಬೆಳ್ಳಗಿದ್ದ ಹರಳುಗಳು ಇಟ್ಟಿಗೆ ಪುಡಿಯಲ್ಲಿ ಹೊರಳಿಸಿದಂತೆ ಕೆಂಪಾಗಿದ್ದವು.

ಹರದನಹಳ್ಳಿಯ ಆ ಅರಿಸಿನ ಬೇಯಿಸುವ ಶೆಡ್ಡಿನಲ್ಲಿ ಅವಳ ಪಿಎಚ್‌.ಡಿ. ಪ್ರಯೋಗ ಶುರುವಾಗಿ ಮೂರು ತಿಂಗಳಾಗಿತ್ತು. ಬಾಯ್ಲರಿನ ಹೊಗೆಯನ್ನು ತಣಿಸಿ ಕೊಳವೆಗೆ ಹಾಯಿಸಿದರೆ, ಹರಳಿನೊಳಗೆ ತುಂಬಿದ ಅಮೀನ್ ಎಂಬ ರಾಸಾಯನಿಕ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ನೂರು ಡಿಗ್ರಿಗೆ ಕಾಯಿಸಿದರೆ ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತಿತ್ತು. ಕಾವು ಮಿತಿಮೀರಿದರೆ ಮಾತ್ರ ಅಮೀನ್ ಕೆಟ್ಟು, ಹರಳು ಕಂದಿ, ಯಾವ ಕೆಲಸಕ್ಕೂ ಬಾರದ ಮರಳಾಗುತ್ತದೆ. ದಿನಕ್ಕೆ ನಾಲ್ಕು ಸಲ ಅದನ್ನು ಕಾಯಿಸಿ, ಕೊಳವೆ ದಾಟಿ ಬಂದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡ ಎಷ್ಟು ಉಳಿದಿದೆಯೆಂದು ಮೀಟರು ನೋಡಿ ಬರೆದಿಡುವ ಕೆಲಸ ಮಂಗಳಗೌರಿಯದು. ಅಲ್ಲೇ ಅರಿಸಿನ ಆರಿಸುವ ಕೂಲಿಗೆ ಬರುತ್ತಿದ್ದ ಅವಳಿಗೆ ಶಿವರಂಜನಿಯೇ ಇದನ್ನು ಕಲಿಸಿದ್ದಳು.

"ಎಷ್ಟಕ್ಕೆ ಕಾಯಿಸಿದ್ರಿ ಅಕ್ಕ? ಸುಟ್ಟು ಹಾಕಿದ್ದೀರಲ್ಲ ಎಲ್ಲಾನೂ!"

ಅರಿಸಿನ ಪಾಲಿಶ್ ಮಾಡುವ ಡ್ರಮ್ಮು ಗಡಗಡ ಸುತ್ತುತ್ತಿತ್ತು. ಆ ಸದ್ದನ್ನೂ ಮೀರಿದ ಕೂಗಿಗೆ, ರಾಶಿಯ ಮುಂದೆ ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ನೂರರ ಮ್ಯಾಲೆ ಒಂದು ಡಿಗ್ರೀನೂ ಏರುಸ್ನಿಲ್ಲ ಕಣಿ ಮೇಡಮ್ಮೋರೆ. ಬುಕ್ಕಲ್ಲಿ ಬರ್ದಿವ್ನಿ, ನೋಡಿ."

"ಬುಕ್ಕಲ್ಲಿ ಏನು ಬೇಕಾದ್ರೂ ಬರೀಬಹುದು."

ಮಂಗಳಗೌರಿ ಚಾಚಿದ್ದ ಪುಸ್ತಕವನ್ನು ಹಿಂದಕ್ಕೆಳೆದುಕೊಂಡಳು. ಶಿವರಂಜನಿ ಆಗಲೇ ಮೈಸೂರಿನ ಗೈಡಿಗೆ ಫೋನು ಹಚ್ಚಿದ್ದಳು. ಡ್ರಮ್ಮಿನ ಸದ್ದಿಗೆ ಸ್ಪೀಕರ್ ಹಾಕಲೇಬೇಕಾಯಿತು. "ಸುಟ್ಟ ಹರಳು ಇಟ್ಕೊಂಡು ಏನ್ ಮಾಡ್ತೀಯಮ್ಮ? ಸಾಮಾನು ಕಟ್ಟು. ಮೊದಲು ಆ ಹೆಂಗಸನ್ನ ಕಳಿಸು" ಎಂದರು ಅವರು.

ಯಾರಾದರೂ ಕಳಿಸುವವರೆಗೆ ಮಂಗಳಗೌರಿ ಕಾಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು, ಪುಸ್ತಕದ ಮೇಲಿಟ್ಟಳು. ಬೆಳಗ್ಗೆ ಅರಿಸಿನ ಆರಿಸಿದ್ದ ಕೈ ಹಳದಿಯಾಗಿತ್ತು. ತೊಟ್ಟಿಯ ಹತ್ತಿರ ಹೋಗಿ ಸೋಪು ತಿಕ್ಕಿದಳು. ನೊರೆ ಕೆಂಪಾಯಿತು. ದಿನವೂ ಆಗುವುದೇ. ಆದರೆ ಇವತ್ತು ಅವಳು ಕೈ ತೊಳೆಯುವುದನ್ನು ನಿಲ್ಲಿಸಿ ಆ ನೊರೆಯನ್ನೇ ನೋಡಿದಳು.

"ಮೇಡಮ್ಮೋರೆ, ಒಸಿ ಬನ್ನಿ ಇಲ್ಲಿ."

"ಈಗೇನು?"

"ಅರಿಸಿನಕ್ಕ ಸೋಪು ತಾಕುದ್ರೆ ಹಿಂಗ್ ಕೆಂಪಾಯ್ತದ. ನಿಮ್ ಹರಳೂ ಇದೇ ಬಣ್ಣ ಅಲ್ವಾ? ಅದ್ರೊಳಗಿರ ಮದ್ದೂ ಸೋಪಿನ ಜಾತೀದೇನೋ."

ಶಿವರಂಜನಿ ಅವಳ ಅಂಗೈಯನ್ನೇ ನೋಡುತ್ತ ನಿಂತಳು. ಸೋಪಿನ ಹಾಗೆ, ಸುಣ್ಣದ ಹಾಗೆ ಅಮೀನೂ ಕ್ಷಾರ. ತನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ತಾನೇ ಬರೆದಿದ್ದ ಮಾತು. ಆದರೆ ಕೊಳವೆಯೊಳಕ್ಕೆ ಅರಿಸಿನ ಬಂದದ್ದಾದರೂ ಹೇಗೆ? ಓಡಿಹೋಗಿ ಹೊಗೆ ಎಳೆಯುವ ಫ್ಯಾನಿನ ಬಾಯಿ ನೋಡಿದಳು.

"ಇಲ್ಲಿ ಧೂಳಿಗೆ ಅಂತ ಕಟ್ಟಿದ್ದ ಬಟ್ಟೆ ಎಲ್ಲಿ ಅಕ್ಕ?"

"ನೆನ್ನೆ ನೀವೇ ಬುಚ್ಚು ಅಂದ್ರಲ್ಲ, ಹೊಗೆ ಸರ್ಯಾಗಿ ಎಳೀತಿಲ್ಲ ಅಂತವ."

ನಿಜ. ಅವಳೇ ಹೇಳಿದ್ದಳು. ಅಲ್ಲಿಂದ ಆರು ಅಡಿ ದೂರದಲ್ಲಿ ಡ್ರಮ್ಮು ಹಳದಿ ಧೂಳೆಬ್ಬಿಸುತ್ತಲೇ ಇತ್ತು.

ಒಂದು ಹರಳನ್ನು ಮೇಜಿನ ಮೇಲಿಟ್ಟು ಚಮಚದ ಹಿಂಬದಿಯಿಂದ ಒತ್ತಿದಳು. ಎರಡು ಹೋಳಾಯಿತು. ಹೊರಗೆ ತೆಳ್ಳಗೆ ಕೆಂಪು, ಒಳಗೆಲ್ಲ ಅಚ್ಚ ಬಿಳಿ. ಸುಟ್ಟಿದ್ದರೆ ಒಳಗೂ ಕಂದಿರಬೇಕಿತ್ತು.

ಫ್ಯಾನಿನ ಬಾಯಿಗೆ ಮತ್ತೆ ಬಟ್ಟೆ ಕಟ್ಟಿ, ಕೊಳವೆ ಮುಚ್ಚಿ ಹೊಗೆ ಬಿಟ್ಟಳು. ಮೀಟರು ನೋಡುವ ಧೈರ್ಯವಾಗದೆ ಬೆನ್ನು ತಿರುಗಿಸಿ ನಿಂತಳು. ಮಂಗಳಗೌರಿಯೇ ಬಗ್ಗಿ, ಕಲಿಸಿದ ಹಾಗೆಯೇ ಓದಿದಳು. "ಎಂಟು... ಎಂಟು... ಆರು ಆಯ್ತು. ಮೂರು. ಒಂದು." ಸ್ವಲ್ಪ ತಡೆದು, "ಸೊನ್ನೆ ಪಾಯಿಂಟು ನಾಕು. ನಿಂತದ ಕಣಿ. ಹಿಡೀತಾ ಅದ!"

ಶಿವರಂಜನಿ ಅಲ್ಲೇ ಗೋಣಿಚೀಲದ ಮೇಲೆ ಕುಸಿದು ಕೂತಳು. ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಮಂಗಳಗೌರಿ ಪಕ್ಕದಲ್ಲಿ ಕೂತು ಉಸ್ಸಪ್ಪಾ ಎಂದು ಉಸಿರು ಬಿಟ್ಟಳು. ಬೆಳಗಿನಿಂದ ಮೊದಲ ಸಲ ಇಬ್ಬರೂ ಮುಖ ನೋಡಿಕೊಂಡರು.

"ತಪ್ಪಾಯ್ತು ಅಕ್ಕ" ಎಂದಳು ಶಿವರಂಜನಿ ಮೆಲ್ಲಗೆ. "ಈಗಲೇ ಸಾರ್‌ಗೂ ಹೇಳ್ತೀನಿ." ಫೋನು ತೆಗೆದಳು.

"ಸಾರಿಗ ಆಮೇಲ್ ಹೇಳುವ್ರಿ, ಬುಡಿ" ಎಂದಳು ಮಂಗಳಗೌರಿ, ಅರಿಸಿನದ ರಾಶಿಯ ಮುಂದಿದ್ದ ಹೆಂಗಸರ ಕಡೆ ಕಣ್ಣು ಹಾಯಿಸಿ. "ನಾಳೀಕೂ ನಾ ಅವ್ರ ಜೊತೇಲೆ ಊಟುಕ್ಕ ಕೂರ್ಬೇಕು ಕಣಿ. ಸುಟ್ರಿ ಅನ್ನದ್ನ ಎಷ್ಟು ಜೋರಾಗಿ ಹೇಳುದ್ರೋ, ಇದುನ್ನೂ ಅಷ್ಟೇ ಜೋರಾಗಿ ಹೇಳಿ."

ಶಿವರಂಜನಿ ಎದ್ದು ಹೋಗಿ ಡ್ರಮ್ಮಿನ ಸ್ವಿಚ್ಚು ಆರಿಸಿದಳು. ಸುತ್ತು ನಿಧಾನವಾಗಿ, ಒಳಗಿನ ಕೊನೆಯ ಕೊಂಬೂ ಉರುಳುವುದು ನಿಂತು, ಶೆಡ್ಡು ನಿಶ್ಶಬ್ದವಾಯಿತು. ಹೆಂಗಸರು ಒಬ್ಬೊಬ್ಬರಾಗಿ ತಲೆಯೆತ್ತಿದರು.